ಹನ್ನೊಂದು ಗೆಣ್ಣಿನ ಗುನುಗು

ಕೆತುರಮ್ಮ ನಮ್ಮ ಮನೆ ಜಗುಲಿ ಹತ್ತಿ ಬಂದ ಹೊತ್ತಿಗೆ ನಾನು ಒಂದು ಒಂಟೆಯ ವಿಷಯದಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದೆ. ಆ ಶನಿವಾರ ಪ್ರಾರ್ಥನೆ ಮನೆಯಲ್ಲಿ ಓದುವ ಧರ್ಮಗ್ರಂಥದ ಭಾಗದಲ್ಲಿ ಒಂದಷ್ಟು ಒಂಟೆಗಳು ಬಾವಿಯ ಹತ್ತಿರ ಬಂದು ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನು ಕತ್ತೆ ಮಾಡಲೋ, ಇಲ್ಲ ಒಂಟೆಗಳನ್ನು ಅವುಗಳ ಪಾಡಿಗೆ ಬಿಟ್ಟು ಬಾವಿಯನ್ನು ಕೆರೆ ಮಾಡಲೋ ಅನ್ನೋದು ನನ್ನ ತಲೆನೋವು. ಎರಡರಲ್ಲಿ ಒಂದನ್ನು ಮಾಡಲೇಬೇಕಿತ್ತು. ಮಾಡದೇ ಇದ್ದರೆ ಶನಿವಾರ ಮಧ್ಯಾಹ್ನದೊಳಗೆ ಒಂಟೆ, ಬಾವಿ, ನೀರು ಸೇದೋಕೆ ಬಂದ ಹುಡುಗಿ ಎಲ್ಲ ಚರ್ಮದ ಸುರುಳಿಯಿಂದ ಎದ್ದುಹೋಗಿ ಬರೀ ಚರ್ಮ ಉಳಿಯುತ್ತಿತ್ತು.

ನಮ್ಮದು ಯೆಹೂದಿಗಳ ಊರು. ಇಲ್ಲಿ ಹೀಬ್ರೂ ಮಾತನ್ನು ಸರಿಯಾಗಿ ಕನ್ನಡಕ್ಕೆ ತಂದರೆ ಹೀಬ್ರೂ ಹೋಗಿಬಿಡುತ್ತದೆ. ಸುರುಳಿಯಲ್ಲಿದ್ದರೆ ಸುರುಳಿಯಿಂದ, ಪುಸ್ತಕದಲ್ಲಿದ್ದರೆ ಪುಸ್ತಕದಿಂದ, ಬಾಯಲ್ಲಿದ್ದರೆ ಬಾಯಿಂದ. ಅಲ್ಲೊಂದು ಮಾತಿತ್ತು ಅನ್ನೋದು ಎಲ್ಲರಿಗೂ ನೆನಪಿರುತ್ತದೆ, ಏನಿತ್ತು ಅನ್ನೋದು ಯಾರಿಗೂ ಇರುವುದಿಲ್ಲ. ರಾಗ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಯಾರೂ ಅನುವಾದ ಮಾಡುವುದಿಲ್ಲವಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲ ಅಂತ ಒಮ್ಮೆ ಒಬ್ಬ ಬಳೆಗಾರ ಹೇಳಿದ. ಅಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವಂತೆ. ಹಾಗಿದ್ದರೆ ಸರಿಯಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ, ಅವನು ಬಳೆ ಗಂಟು ಕಟ್ಟಿಕೊಂಡು ಹೊರಟ.

ಅದಕ್ಕೇ ನಮ್ಮಲ್ಲಿ ಬೊಟ್ಟು ಇಡುವ ಪದ್ಧತಿ. ಎಳೇ ಮಗುವಿನ ಕೆನ್ನೆಗೆ ದೃಷ್ಟಿ ತಾಗದಿರಲಿ ಅಂತ ಕಾಡಿಗೆ ಬೊಟ್ಟು ಇಡುತ್ತಾರಲ್ಲ, ಹಾಗೆ ನಾವು ಪ್ರತಿ ಅನುವಾದದಲ್ಲೂ ಬೇಕೆಂದೇ ಒಂದು ಸಣ್ಣ ತಪ್ಪು ಬಿಡುತ್ತೇವೆ. ಪಾರಿವಾಳ ಇದ್ದಲ್ಲಿ ಗಿಳಿ, ಅಂಜೂರ ಇದ್ದಲ್ಲಿ ನೇರಳೆ. ಪ್ರಾರ್ಥನೆ ಮನೆಯಲ್ಲಿ ಸುರುಳಿ ಓದುವವರ ಪಕ್ಕ ನಿಂತು ಕನ್ನಡ ಹೇಳುವವನು ನಾನು. ಈ ಕೆಲಸ ಮಾಡುವವರಿಗೆ ಊರಲ್ಲಿ ಪಕ್ಕದವರು ಅಂತಲೇ ಹೆಸರು. ಓದುವವರು ಒಂದು ವಾಕ್ಯ ಓದುತ್ತಾರೆ. ನಾನು ಸುರುಳಿಯ ಕಡೆ ಕಣ್ಣು ಹಾಯಿಸದೆ, ಅವರ ದನಿಗಿಂತ ನನ್ನ ದನಿ ಮೇಲೇಳದ ಹಾಗೆ, ಅದನ್ನು ಕನ್ನಡದಲ್ಲಿ ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದೇನೆ, ಇಪ್ಪತ್ತಾರು ವರ್ಷದಿಂದ ಬೊಟ್ಟು ಇಡುತ್ತಿದ್ದೇನೆ, ಒಂದು ಅಕ್ಷರ ಕಳೆದಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆ ಸುಳ್ಳು ವಿನಯ.

ಇದರಿಂದ ತೊಂದರೆ ಇಲ್ಲದೇ ಇಲ್ಲ. ಪ್ರಾರ್ಥನೆ ಮುಗಿಸಿ ಮನೆಗೆ ಹೋಗುವವರೆಲ್ಲ ದಾರಿಯುದ್ದಕ್ಕೂ ಇವತ್ತಿನ ಬೊಟ್ಟು ಯಾವುದು ಅಂತ ವಾದ ಮಾಡುತ್ತಾರೆ. ಒಬ್ಬ ಕತ್ತೆಯ ಮೇಲೆ ಅನುಮಾನ ಪಟ್ಟರೆ ಇನ್ನೊಬ್ಬ ಕರುಣೆಯ ಮೇಲೆ ಪಡುತ್ತಾನೆ. ಸುಣ್ಣದ ಗೂಡಿನ ಗೆರ್ಶೋಮ ಒಂದು ವರ್ಷ ಹೊಟ್ಟೆ ತುಂಬ ಏಡಿ ತಿಂದ. ಹಿರಿಯರು ಕರೆಸಿ ಕೇಳಿದರೆ, ಏಡಿ ತಿನ್ನಬಾರದು ಅಂತ ಹೇಳಿದ್ದೇ ಬೊಟ್ಟು ಅಂದುಕೊಂಡೆ ಸ್ವಾಮಿ ಅಂದ. ಏನಂತ ಬೈಯೋದು. ನಮ್ಮೂರಿನ ಜನ ಯಾವ ಮಾತನ್ನೂ ಪೂರ್ತಿ ನಂಬುವುದಿಲ್ಲ, ಯಾವುದನ್ನೂ ಪೂರ್ತಿ ಬಿಡುವುದೂ ಇಲ್ಲ. ಹಾಗೇ ಬದುಕಿಕೊಂಡು ಬಂದಿದ್ದೇವೆ.

ನನಗೆ ಈ ಕೆಲಸ ಕಲಿಸಿದ ಹನಾನಿಯಜ್ಜ ಪ್ರಾಯದಲ್ಲಿ ಒಮ್ಮೆ ಜ್ವರದ ತಾಪದಲ್ಲಿ ನಿಂತು ಹೇಳುವಾಗ ಬೊಟ್ಟು ಇಡುವುದನ್ನು ಮರೆತುಬಿಟ್ಟ. ಒಂದಿಡೀ ಅಧ್ಯಾಯ ಹೋಯಿತು. ಈಗಲೂ ವರ್ಷಕ್ಕೊಮ್ಮೆ ಆ ಶನಿವಾರ ಬಂದಾಗ ಓದುವವರು ಸುರುಳಿಯ ಖಾಲಿ ಜಾಗ ಬಿಚ್ಚಿಟ್ಟು ಸುಮ್ಮನೆ ನಿಲ್ಲುತ್ತಾರೆ, ಪಕ್ಕದವನು ಒಬ್ಬನೇ ಕನ್ನಡ ಹೇಳುತ್ತಾನೆ. ಹನಾನಿಯಜ್ಜನಿಗೆ ಅದು ಇವತ್ತಿಗೂ ತಲೆ ತಗ್ಗಿಸುವ ವಿಷಯ. ಆದರೆ ಅವತ್ತು ಪ್ರಾರ್ಥನೆ ಮನೆಯಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆ ಕನ್ನಡದಲ್ಲಿ ಬೊಟ್ಟಿಲ್ಲ ಅಂತ ಗೊತ್ತಿರುವುದರಿಂದ ವಾದ ಮಾಡುವವರೂ ಅವತ್ತು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ.

ಸರಿ, ಕೆತುರಮ್ಮ. ಎಪ್ಪತ್ತೆಂಟು ವರ್ಷ, ಮೂಗಿನ ತುದಿಯಲ್ಲಿ ದಾರ ಕಟ್ಟಿದ ಕನ್ನಡಕ. ಪ್ರಾರ್ಥನೆ ಮನೆಯ ಸುರುಳಿಗಳಿಗೆಲ್ಲ ಬಟ್ಟೆಯ ಕವಚ ಹೊಲಿದುಕೊಡುವವಳು. ಕನ್ನಡ ಓದುತ್ತಾಳೆ. ಸುರುಳಿಯ ಒಳಗಿರುವ ಹೀಬ್ರೂ ಒಂದಕ್ಷರ ಓದೋಕೆ ಬರದಿದ್ದರೂ ಯಾವ ಸುರುಳಿ ಎಷ್ಟು ದಪ್ಪ, ಯಾವುದರ ಹಿಡಿ ಸಡಿಲ ಅನ್ನೋದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿದವಳಾದ್ದರಿಂದ ನನಗೆ ಏಕವಚನ. ಕೈಯಲ್ಲಿ ಒಂದು ತಟ್ಟೆ ಸಿಹಿ ಅವಲಕ್ಕಿ ಹಿಡಿದಿದ್ದಳು, ಮೇಲೆ ಐದು ಬಗೆಯ ಹಣ್ಣು. ಅದು ಹರಕೆ ಹೊತ್ತವರು ತರುವ ತಟ್ಟೆ. ಅದನ್ನು ತಿಂದವರು ಅವರ ಕೆಲಸಕ್ಕೆ ಇಲ್ಲ ಅನ್ನುವ ಹಾಗಿಲ್ಲ.

"ಎಲ್ಯಾಬಾ, ಒಂದು ಕೆಲಸ ಆಗಬೇಕು ನಿನ್ನಿಂದ," ಅಂದಳು. "ನಮ್ಮಮ್ಮ ಹಾಡ್ತಿದ್ದ ಜೋಗುಳ ಕನ್ನಡಕ್ಕೆ ಮಾಡಿಕೊಡು."

"ಅದಕ್ಕೇನಂತೆ, ಮಾಡಿಕೊಡ್ತೀನಿ."

"ಬೊಟ್ಟು ಇಡಬಾರದು."

ನಾನು ಒಂಟೆಯನ್ನು ಮರೆತೇಬಿಟ್ಟೆ. "ಕೆತುರಮ್ಮ, ನಿಮಗೆ ಗೊತ್ತಿಲ್ಲದ್ದಾ? ಬೊಟ್ಟು ಇಡದೇ ಮಾಡಿದರೆ ಹಾಡೇ ಹೋಗುತ್ತೆ. ನಿಮ್ಮ ಬಾಯಲ್ಲಿ ಇರಲ್ಲ ಅದು."

"ಗೊತ್ತು ಕಣೋ. ನಾನೇನು ನಿನ್ನೆ ಹುಟ್ಟಿದವಳಾ?" ಅಂದು ತಟ್ಟೆಯನ್ನು ನನ್ನ ಕಾಗದಗಳ ಮೇಲೇ ಇಟ್ಟು ಕೂತಳು. "ಎಪ್ಪತ್ತೈದು ವರ್ಷದಿಂದ ಬಾಯಲ್ಲಿದೆ. ನನ್ನ ಮಗನಿಗೆ ಹಾಡಿದೆ, ಮೊಮ್ಮಗಳು ಅತಾರಾಗೆ ಹಾಡಿದೆ. ಈಗ ಅತಾರಾಗೂ ಒಂದು ಹೆಣ್ಣಾಗಿದೆ, ಅದನ್ನ ತೊಡೆ ಮೇಲೆ ಹಾಕ್ಕೊಂಡು ಹಾಡ್ತೀನಿ. ಮಗು ನನ್ನ ಬಾಯನ್ನೇ ನೋಡುತ್ತೆ. ಏನು ಹೇಳಿ ಮಲಗಿಸ್ತಿದೀನಿ ಅಂತ ನನಗೇ ಗೊತ್ತಿಲ್ಲ. ನಮ್ಮಮ್ಮ ನನಗೆ ಏನು ಹೇಳಿ ಮಲಗಿಸಿದಳು ಅಂತಲೂ ಗೊತ್ತಿಲ್ಲ. ಅದು ತಿಳ್ಕೊಳ್ಳದೇ ಹೋಗೋದು ನನಗೆ ಇಷ್ಟ ಇಲ್ಲ."

"ಒಂದೇ ಒಂದು ಸಣ್ಣ ಬೊಟ್ಟು. ನಿಮಗೆ ಗೊತ್ತೇ ಆಗಲ್ಲ."

"ಅದೇ ತೊಂದರೆ. ಯಾವುದು ಬೊಟ್ಟು ಅಂತ ಗೊತ್ತಾಗದೆ ಪ್ರತಿ ಸಾಲಲ್ಲೂ ಹುಡುಕ್ತಾ ಕೂರಬೇಕು. ನಮ್ಮಮ್ಮನ ಮಾತಲ್ಲಿ ನಾನು ಸುಳ್ಳು ಹುಡುಕಬೇಕಾ?"

ಅವಳ ತಾಯಿ ಬಾಸೆಮತಮ್ಮನನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಗಂಡ ಸತ್ತ ಮೇಲೆ ಸುಣ್ಣದ ಗೂಡನ್ನು ಒಬ್ಬಳೇ ನಡೆಸಿದ ಹೆಂಗಸು. ಕೈಯೆಲ್ಲ ಬೆಳ್ಳಗೆ ಸುಟ್ಟಿರುತ್ತಿತ್ತು. ಗಂಡಸರೂ ಅವಳ ಎದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಊರಲ್ಲಿ ಯಾರಿಗೆ ಏನು ಕಷ್ಟ ಬಂದರೂ ಬಾಸೆಮತಮ್ಮನನ್ನು ಕೇಳುತ್ತಿದ್ದರು, ಅವಳು ಒಂದು ಕ್ಷಣವೂ ತಡೆಯದೆ ಹೀಗೆ ಮಾಡು ಅಂತ ಹೇಳಿಬಿಡುತ್ತಿದ್ದಳು. "ನಮ್ಮಮ್ಮನ ಬಾಯಲ್ಲಿ ಉತ್ತರ ಇಲ್ಲದ ಪ್ರಶ್ನೆ ಇರಲಿಲ್ಲ," ಅಂದಳು ಕೆತುರಮ್ಮ. "ಮುದ್ದು ಮಾಡಿದವಳಲ್ಲ. ಕೈ ಹಿಡಿದು ನಡೆಸಿದವಳೂ ಅಲ್ಲ. ಈ ಹಾಡೊಂದೇ ಅವಳು ನನಗೆ ಮೆತ್ತಗೆ ಹೇಳಿದ್ದು."

ಹಾಡಿ ನೋಡೋಣ ಅಂದೆ. ಹಾಡಿದಳು. ಆ ಹೀಬ್ರೂ ಹೇಗಿತ್ತು ಅಂತ ನೀವು ಕೇಳಬೇಡಿ, ಕೇಳಿದರೆ ನನ್ನಿಂದ ಹೇಳೋಕೆ ಆಗುವುದಿಲ್ಲ. ಆರು ಸಾಲಿತ್ತು ಅನ್ನೋದು ನೆನಪಿದೆ. ಐದನೇ ಸಾಲಲ್ಲಿ ಮಾತೇ ಇರಲಿಲ್ಲ ಅನ್ನೋದೂ ನೆನಪಿದೆ. ಆ ಸಾಲು ಬಂದಾಗ ಕೆತುರಮ್ಮ ತುಟಿ ಮುಚ್ಚಿ ಬರೀ ಗುನುಗಿದಳು. ಮರೆತಿರಾ ಅಂತ ಕೇಳಿದೆ. ಇಲ್ಲ, ಅಮ್ಮ ಹಾಡುತ್ತಿದ್ದುದೇ ಹಾಗೆ ಅಂದಳು. ಮೂರು ಸಲ ಹಾಡಿಸಿದೆ. ಗುನುಗಿನ ಉದ್ದ ಅಳೆಯೋಕೆ ಬೆರಳಿನ ಗೆಣ್ಣು ಎಣಿಸುತ್ತಾ ಕೂತೆ. ಮೂರು ಸಲವೂ ಗುನುಗು ಹನ್ನೊಂದು ಗೆಣ್ಣು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತಾಯಿ ಎಷ್ಟು ಗುನುಗಿದ್ದಳೋ ಮಗಳು ಅಷ್ಟನ್ನೇ ಎಪ್ಪತ್ತೈದು ವರ್ಷ ಕಾಪಾಡಿಕೊಂಡು ಬಂದಿದ್ದಾಳೆ ಅನ್ನಿಸಿ ನನಗೆ ಒಂಥರಾ ಹೆದರಿಕೆಯಾಯಿತು.

ಆಗಲ್ಲ ಅನ್ನಬೇಕಿತ್ತು. ಮೂಲ ಕಳೆದವನು ಒಂದು ವರ್ಷ ಸುರುಳಿಯ ಪಕ್ಕ ನಿಲ್ಲುವ ಹಾಗಿಲ್ಲ ಅಂತ ಊರಿನ ಕಟ್ಟಳೆ ಬೇರೆ ಇದೆ. ಆದರೆ ಬಾಯಿ ತೆರೆದರೆ "ಆಯ್ತು ಕೆತುರಮ್ಮ, ಬೊಟ್ಟಿಲ್ಲದೇ ಮಾಡಿಕೊಡ್ತೀನಿ" ಅಂತ ಬಂತು. ಅವಲಕ್ಕಿ ತಿಂದ ಬಾಯಿ, ಏನು ಮಾಡಲಿ.

ಅವಳು ಹೋಗಿ ಒಂದು ಗಂಟೆಯೂ ಆಗಿಲ್ಲ, ಮೊಮ್ಮಗಳು ಅತಾರಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಬಾಣಂತಿ, ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ನನ್ನ ಹೆಂಡತಿ ಪೆನಿನಾ ಚಾಪೆ ಹಾಕಿ ಮಜ್ಜಿಗೆ ಕೊಟ್ಟರೂ ಕುಡಿಯಲಿಲ್ಲ.

"ಮಾಮ, ಅಜ್ಜಿ ಬಂದಿದ್ರಲ್ಲ. ನೀವು ಒಪ್ಪಿಕೊಂಡ್ರಾ?"

"ಒಪ್ಪಿಕೊಂಡೆ ಕಣಮ್ಮ."

"ಬೊಟ್ಟು ಇಡಿ ಮಾಮ. ಕೈ ಮುಗಿತೀನಿ." ಹೆಗಲ ಮೇಲೆ ಮಗು ಇದ್ದುದರಿಂದ ಒಂದೇ ಕೈ ಎತ್ತಿದಳು. "ನಾನು ಆ ಹಾಡು ಕೇಳ್ಕೊಂಡೇ ಬೆಳೆದೋಳು. ನನಗೂ ಅದರ ಅರ್ಥ ಗೊತ್ತಿಲ್ಲ, ಬೇಕಾಗೂ ಇಲ್ಲ. ಅಜ್ಜಿ ಇನ್ನೆಷ್ಟು ದಿನ ಇರ್ತಾರೋ. ನಾಳೆ ಬಾಯಿ ತೆಗೆದು ಹಾಡು ಇಲ್ಲ ಅಂತಾದ್ರೆ ಅವರು ತಡ್ಕೊಳ್ತಾರಾ? ಅವರಿಗೆ ಹೇಳಬೇಡಿ, ಸುಮ್ಮನೆ ಒಂದು ಬೊಟ್ಟು ಇಟ್ಟುಬಿಡಿ. ಬೊಟ್ಟಿಲ್ಲ ಅಂತ ಹೇಳಿ."

"ಹಾಡು ಉಳಿದರೆ ಬೊಟ್ಟಿದೆ ಅಂತ ಅವರಿಗೆ ಗೊತ್ತಾಗುತ್ತಲ್ಲಮ್ಮ."

"ನಿಮಗೆ ಎಲ್ಲೋ ಸರಿಯಾಗಿ ಅರ್ಥ ಆಗಿಲ್ಲ ಅಂತ ಅಂದ್ಕೋತಾರೆ. ಅಷ್ಟೇ ತಾನೇ?"

ಇಪ್ಪತ್ತಾರು ವರ್ಷ ಪಕ್ಕದಲ್ಲಿ ನಿಂತವನಿಗೆ ಇದು ಸಣ್ಣ ಮಾತಲ್ಲ. ಆದರೂ ಆ ಹುಡುಗಿ ಎತ್ತಿದ ಒಂದು ಕೈ ನೋಡಿ "ಆಯ್ತಮ್ಮ, ಇಡ್ತೀನಿ" ಅಂದುಬಿಟ್ಟೆ. ಹೀಗೆ ಒಂದೇ ಮಧ್ಯಾಹ್ನ ಒಂದೇ ಜಗುಲಿಯ ಮೇಲೆ ಒಂದೇ ಹಾಡಿನ ಬಗ್ಗೆ ಎರಡು ಮಾತು ಕೊಟ್ಟೆ. ಪೆನಿನಾ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಯಾರಿಗೆ ಮೋಸ ಮಾಡ್ತೀರಾ ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ಆಮೇಲೆ ಊಟಕ್ಕೆ ಬನ್ನಿ," ಅಂದಳು. ಊಟಕ್ಕೆ ಹೋದೆ, ತೀರ್ಮಾನ ಮಾಡಿಕೊಂಡಿರಲಿಲ್ಲ.

ಮರುದಿನ ಹನಾನಿಯಜ್ಜನ ಹತ್ತಿರ ಹೋದೆ. ತೊಂಬತ್ತು ದಾಟಿದ ಜೀವ, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಕೂಗಿ ಹೇಳಬೇಕು. ಗುಟ್ಟಿನ ವಿಷಯವನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ.

"ಬೊಟ್ಟು ಇಡು," ಅಂದ ಅಜ್ಜ. "ಕಳೆದುಹೋದದ್ದು ಏನು ಅಂತ ನನಗೆ ಗೊತ್ತು ಮಗಾ. ಪ್ರತಿ ವರ್ಷ ಆ ಖಾಲಿ ಚರ್ಮ ನೋಡ್ತೀನಿ. ಜನ ಸಂತೋಷ ಪಡ್ತಾರೆ, ನನಗೆ ಅಳು ಬರುತ್ತೆ. ಆ ಮುದುಕಿಗೆ ಅದು ಬೇಡ."

"ಎಲ್ಲಿ ಇಡಲಿ ಅಜ್ಜಾ? ಆರೇ ಸಾಲು. ಒಂದೊಂದು ಮಾತೂ ಅವಳ ತಾಯಿಯದು. ಯಾವುದನ್ನ ಕೆಡಿಸಲಿ?"

"ಕೆಡಿಸಲೇಬೇಡ. ಇರೋದನ್ನ ಮುಟ್ಟಬೇಡ, ಇಲ್ಲದ್ದನ್ನ ಸೇರಿಸು. ಅದಕ್ಕಿಂತ ದೊಡ್ಡ ತಪ್ಪು ನಮ್ಮ ಕಸುಬಲ್ಲಿ ಇಲ್ಲ. ಒಂದು ಮಾತು ಬದಲಾದರೆ ಹಾಡು ಅಲ್ಲಾಡದೇ ಇರುತ್ತೆ, ಹೇಳದೇ ಇದ್ದ ಮಾತು ಸೇರಿದರೆ ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳುತ್ತೆ."

ನನಗೆ ಗುನುಗು ನೆನಪಾಯಿತು. ಬದುಕಿಕೊಂಡೆ ಅನ್ನಿಸಿತು. ಮಾತಿರುವ ಐದು ಸಾಲನ್ನು ಕೆತುರಮ್ಮನಿಗೆ ಮಾತು ಕೊಟ್ಟ ಹಾಗೆ ಒಂದು ಕೂದಲೆಳೆಯೂ ಆಚೀಚೆ ಆಗದೆ ತರುತ್ತೇನೆ. ಮಾತೇ ಇಲ್ಲದ ಸಾಲಿಗೆ ಮಾತು ತುಂಬಿಸಿದರೆ ಅತಾರಾಗೆ ಕೊಟ್ಟ ಮಾತೂ ಉಳಿಯುತ್ತದೆ. ತಾಯಿ ಹೇಳಿದ್ದನ್ನು ನಾನು ಎಲ್ಲೂ ಸುಳ್ಳು ಮಾಡಿದ ಹಾಗೂ ಆಗುವುದಿಲ್ಲ. ಇಬ್ಬರಿಗೂ ಅರ್ಧರ್ಧ ಮೋಸ. ಪೆನಿನಾಗೆ ಹೇಳಿದೆ, ಅವಳು ನಕ್ಕಳು, ಒಳ್ಳೆಯ ನಗು ಅಲ್ಲ ಅದು.

ಮಾತಿದ್ದ ಐದು ಸಾಲು ಎರಡು ದಿನದಲ್ಲಿ ಆಯಿತು. ಗುನುಗಿನ ಐದನೇ ಸಾಲಿಗೆ ಏನು ತುಂಬಿಸೋದು ಅಂತ ಮೂರು ದಿನ ಒದ್ದಾಡಿದೆ. ಬೊಟ್ಟಿಗೆ ಗಿಳಿ, ನೇರಳೆ ಅಂತ ಥಟ್ಟನೆ ಹೊಳೆಯುವವನು ನಾನು. ಇಲ್ಲಿ ಏನು ಬರೆದರೂ ಕೈ ನಿಂತುಬಿಡುತ್ತಿತ್ತು. ನಕ್ಷತ್ರ ಅಂತ ಬರೆದೆ, ಹೊಡೆದುಹಾಕಿದೆ. ನಿನಗೊಂದು ಬೆಳ್ಳಿ ಉಡಿದಾರ ತರುತ್ತೇನೆ ಅಂತ ಬರೆದೆ, ಸುಣ್ಣ ಸುಡುವ ಹೆಂಗಸು ಬೆಳ್ಳಿ ಎಲ್ಲಿಂದ ತರುತ್ತಾಳೆ ಅಂತ ಅದನ್ನೂ ಹೊಡೆದುಹಾಕಿದೆ. ಸುಳ್ಳು ಅಂತ ಗೊತ್ತಿದ್ದೂ ನಾನು ಯಾಕೆ ಅದು ಅವಳಿಗೆ ಹೊಂದುತ್ತದೋ ಇಲ್ಲವೋ ಅಂತ ನೋಡುತ್ತಿದ್ದೆನೋ, ಅದೂ ನನಗೆ ತಿಳಿಯಲಿಲ್ಲ. ಇಬ್ಬರಿಗೂ ಒಳ್ಳೆಯದು ಮಾಡೋಕೆ ಹೋಗಿ ಯಾರಿಗೆ ಏನು ಮಾಡುತ್ತಿದ್ದೇನೆ ಅನ್ನೋದೇ ಮರೆತುಹೋಗಿತ್ತು. ಕೊನೆಗೆ ರೇಗಿಹೋಗಿ, ಆ ಹೊತ್ತಿಗೆ ನನ್ನ ತಲೆಯಲ್ಲಿ ಏನಿತ್ತೋ ಅದನ್ನೇ ಬರೆದುಬಿಟ್ಟೆ. ಆ ಗಟ್ಟಿಗಿತ್ತಿ ಬಾಸೆಮತಮ್ಮ ಈ ಮಾತು ಸತ್ತರೂ ಹೇಳುವವಳಲ್ಲ, ಇದಕ್ಕಿಂತ ದೊಡ್ಡ ಬೊಟ್ಟು ಬೇಕಾ ಅಂತ ಸಮಾಧಾನವೂ ಆಯಿತು.

ಬರೆದದ್ದು ಹೀಗಿತ್ತು. ಮಲಗು ನನ್ನ ತುತ್ತೇ, ಹೊರಗೆ ಗಾಳಿ ಎದ್ದಿದೆ. ಮಲಗು, ಊರಬಾಗಿಲಿಗೆ ಅಗುಳಿ ಬಿದ್ದಿದೆ. ಹಗಲು ಹೊತ್ತ ನೀರು ಕೊಡದಲ್ಲಿ ತಣ್ಣಗಿದೆ. ಕಾವಲಿನವನ ಕೆಮ್ಮು ಇನ್ನೂ ಕೇಳುತಿದೆ. ನಾಳೆ ಏನೋ ಎಂತೋ ನನಗೂ ತಿಳಿಯದು ಮಗುವೇ. ಮಲಗು ನನ್ನ ತುತ್ತೇ, ತೋಳು ನಿನ್ನ ಕೆಳಗಿದೆ.

ಮುಂದಿನ ವಾರದ ಗುರುವಾರ ಮಧ್ಯಾಹ್ನ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಕೆತುರಮ್ಮನ ಮನೆಗೆ ಹೋದೆ. ಅರ್ಧ ಹೊಲಿದ ಕವಚ ಒಂದು ಮೂಲೆಯಲ್ಲಿ ಬಿದ್ದಿತ್ತು, ನೀಲಿ ಬಟ್ಟೆಗೆ ಸೂಜಿ ಚುಚ್ಚಿಟ್ಟಿದ್ದಳು. ಮಗು ಅವಳ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅತಾರಾ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಹೆದರಬೇಡ ಅಂತ ನಾನು ಕಣ್ಣಲ್ಲೇ ಹೇಳಿದೆ. ಮಹಾ ಧೈರ್ಯ ನನಗೆ ಆಗ.

"ಓದು," ಅಂದಳು ಕೆತುರಮ್ಮ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಕೈ ಕಟ್ಟಿ ಕೂತಳು, ಪ್ರಾರ್ಥನೆ ಮನೆಯಲ್ಲಿ ಕೂರುವ ಹಾಗೆ.

ಓದಿದೆ. ನಾಲ್ಕು ಸಾಲು ಓದುವವರೆಗೂ ಅವಳ ಮುಖದಲ್ಲಿ ಏನೂ ಆಗಲಿಲ್ಲ. ಕಾವಲಿನವನ ಕೆಮ್ಮು ಬಂದಾಗ ಮಾತ್ರ ಸ್ವಲ್ಪ ನಕ್ಕಳು. ಐದನೆಯದು ಓದಿದೆ. ಅವಳು ಕಟ್ಟಿದ್ದ ಕೈ ಬಿಟ್ಟು ಮಗುವಿನ ಕಾಲು ಹಿಡಿದುಕೊಂಡಳು. ಆರನೆಯದು ಓದಿ ಕಾಗದ ಕೆಳಗಿಟ್ಟೆ.

"ಈಗ ಒಂದು ಸಲ ಹಾಡಿಬಿಡಿ," ಅಂದೆ. ಯಾವ ಅನುವಾದ ಆದ ಮೇಲೂ ಮೂಲವನ್ನು ಒಂದು ಸಲ ಹೇಳಿ ನೋಡುವುದು ನಮ್ಮ ಪದ್ಧತಿ. ಇದೆ ಅಂತಾದರೆ ಎದ್ದು ಹೋಗಬಹುದು.

ಕೆತುರಮ್ಮ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಮುಚ್ಚಿ, ಎಂಜಲು ನುಂಗಿ, ಮತ್ತೆ ತೆರೆದಳು. ರಾಗದ ಮೊದಲ ಎಳೆ ಬಂತು, ಮಾತು ಬರಲಿಲ್ಲ. ನಾನು ನನ್ನೊಳಗೆ ಹುಡುಕಿದೆ. ಮೂರು ಸಲ ಹಾಡಿಸಿ, ಐದು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದ ಹಾಡು. ಅಲ್ಲಿ ಏನೂ ಇರಲಿಲ್ಲ. ಆ ಬಾಗಿಲಿಗೆ ಹೀಬ್ರೂ ಏನು, ಆ ನೀರಿಗೆ ಏನು, ಒಂದೂ ಇಲ್ಲ. ಅಡುಗೆಮನೆ ಬಾಗಿಲಲ್ಲಿ ಅತಾರಾ ಕೂಡ ತುಟಿ ಆಡಿಸುತ್ತಿದ್ದಳು. ಅವಳಿಗೂ ಸಿಗಲಿಲ್ಲ ಅಂತ ಅವಳ ಮುಖದಲ್ಲೇ ಕಂಡಿತು.

"ಮಾಮ," ಅಂದಳು. "ನೀವು ಹೇಳಿದ್ರಲ್ಲ."

"ಇಟ್ಟಿದ್ದೆ," ಅಂದೆ. "ಇಟ್ಟಿದ್ದೆ ಕಣಮ್ಮ, ದೇವರಾಣೆ ಇಟ್ಟಿದ್ದೆ." ಆಮೇಲೆ ಮುಚ್ಚಿಡೋದಕ್ಕೆ ಏನೂ ಉಳಿದಿರಲಿಲ್ಲ. ಕೆತುರಮ್ಮನ ಕಡೆ ತಿರುಗಿ ಎಲ್ಲ ಹೇಳಿಬಿಟ್ಟೆ. ಅವಳಿಗೆ ಒಂದು ಮಾತು ಕೊಟ್ಟದ್ದು, ಅತಾರಾಗೆ ಇನ್ನೊಂದು ಕೊಟ್ಟದ್ದು, ಹನಾನಿಯಜ್ಜ ಹೇಳಿದ್ದು, ಗುನುಗಿದ್ದಲ್ಲಿ ನಾನೇ ಮಾತು ತುಂಬಿಸಿದ್ದು. "ಐದನೇ ಸಾಲು ನಿಮ್ಮಮ್ಮನದಲ್ಲ ಕೆತುರಮ್ಮ. ಅದು ನನ್ನದು. ನನಗೇ ದಾರಿ ಕಾಣದೆ ಬರೆದದ್ದು. ಅದು ಬೊಟ್ಟು. ಹಾಡು ಯಾಕೆ ಹೋಯ್ತು ಅಂತ ನನಗೆ ಗೊತ್ತಾಗ್ತಿಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮಗುವಿನ ಕಾಲು ಸವರುತ್ತಾ ಕೂತಳು. ಹೊರಗೆ ಯಾರೋ ಕೊಡ ತೊಳೆಯುತ್ತಿದ್ದ ಸದ್ದು ಬರುತ್ತಿತ್ತು.

"ನಿನ್ನದಾಗಿದ್ದಿದ್ರೆ ಹಾಡು ಇನ್ನೂ ನನ್ನ ಬಾಯಲ್ಲಿರೋದು," ಅಂದಳು.

ನಾನು ಕೆಳಗಿಟ್ಟಿದ್ದ ಕಾಗದ ಮತ್ತೆ ಎತ್ತಿಕೊಂಡು ಐದನೇ ಸಾಲು ನೋಡಿದೆ.

"ನಮ್ಮಪ್ಪ ಹೋದಾಗ ನನಗೆ ಮೂರು ವರ್ಷ. ಅಮ್ಮನಿಗೆ ಇಪ್ಪತ್ತೆರಡು. ಇಪ್ಪತ್ತೆರಡು ಕಣೋ ಎಲ್ಯಾಬಾ. ಅತಾರಾಗಿಂತ ಚಿಕ್ಕೋಳು. ಗೂಡಿಗೆ ಕಲ್ಲು ಎಷ್ಟು ಹಾಕಬೇಕು, ಸೌದೆ ಎಷ್ಟು ಹಾಕಬೇಕು ಅಂತ ಯಾರು ಹೇಳಿಕೊಟ್ಟಿದ್ರು ಅವಳಿಗೆ? ನಾನು ಒಂದು ದಿನವೂ ಅದನ್ನ ಯೋಚನೆ ಮಾಡಲಿಲ್ಲ. ಅವಳಿಗೆ ಎಲ್ಲಾ ಗೊತ್ತು ಅಂತಲೇ ಇದ್ದೆ. ಅವಳ ಮೇಲೆ ಕೋಪ ಇಟ್ಕೊಂಡೇ ಇದ್ದೆ, ಇಷ್ಟೆಲ್ಲ ಗೊತ್ತಿರೋಳು ನನ್ನ ಯಾಕೆ ಒಂದು ಸಲ ತಬ್ಬಿಕೊಳ್ಳಲಿಲ್ಲ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳು, ದನಿ ಮಾತ್ರ ನೆಟ್ಟಗೆ ಇತ್ತು. "ಎಲ್ಲಾ ಸಾಲಿಗೂ ಮಾತಿತ್ತು. ಆ ಒಂದಕ್ಕೆ ಇಲ್ಲ. ಹೇಳೋಕೆ ಬಾಯಿ ಬರಲಿಲ್ಲ ಅವಳಿಗೆ, ನನ್ನ ಮುಖ ನೋಡ್ತಾ."

"ಹಾಡು ಹೋಯ್ತಲ್ಲ ಅಜ್ಜಿ," ಅಂದಳು ಅತಾರಾ. ಬಂದು ಅವಳ ಪಕ್ಕ ಕೂತು ಭುಜ ಹಿಡಿದುಕೊಂಡಳು.

"ಹೋಯ್ತಮ್ಮ. ಹೊಟ್ಟೆ ಉರಿಯುತ್ತೆ. ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಆಡೋ ಹಾಗೆ ಆಗ್ತಿದೆ." ನನ್ನ ಕಡೆ ನೋಡಿದಳು. "ನೀನು ನನಗೆ ಮೋಸ ಮಾಡೋಕೆ ಬಂದಿದ್ದೆ. ಅದನ್ನ ನಾನು ಮರೆಯೋದಿಲ್ಲ. ಆ ಮೋಸ ಇಲ್ಲದಿದ್ರೆ ಇದು ಸಿಕ್ತಿರಲಿಲ್ಲ, ಅದನ್ನೂ ಮರೆಯೋದಿಲ್ಲ. ಎರಡರಲ್ಲಿ ಯಾವುದನ್ನ ಮೊದಲು ನೆನೆಸ್ಕೋಬೇಕು ಅಂತ ಈಗ ಕೇಳಬೇಡ."

ನಾನು ಏನು ಕೇಳಲಿ. ನನಗೆ ಬೇರೆಯೇ ಒಂದು ಯೋಚನೆ ತಲೆಗೆ ಹತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಇಟ್ಟ ಬೊಟ್ಟುಗಳೆಲ್ಲ ಬೊಟ್ಟೇ ಆಗಿದ್ದವಾ, ಅಥವಾ ಉಳಿದ ಮಾತುಗಳಲ್ಲಿ ಎಲ್ಲೋ ನಿಜವಾದ ತಪ್ಪಿದ್ದು, ಅದರಿಂದಲೇ ಸುರುಳಿ ಉಳಿದುಕೊಂಡು ಬಂತಾ? ಗಿಳಿಯೇ ಸರಿಯಿದ್ದು ಪಾರಿವಾಳ ತಪ್ಪಾಗಿದ್ದರೆ? ಕೆತುರಮ್ಮನ ತಾಯಿ ಹೇಳದೇ ಬಿಟ್ಟದ್ದು ನನಗೆ ಹೇಗೆ ಸಿಕ್ಕಿತು? ಸುಳ್ಳು ಹೇಳಬೇಕು ಅಂತ ಕೂತವನಿಗೆ ನಿಜ ಸಿಕ್ಕಿದರೆ ಅವನನ್ನು ಏನನ್ನಬೇಕು? ಹಿರಿಯರಿಗೆ ನಾನೇ ಹೋಗಿ ಹೇಳಿದೆ, ಒಂದು ವರ್ಷ ಪಕ್ಕದಲ್ಲಿ ನಿಲ್ಲಬಾರದು ಅಂದರು. ಬೊಟ್ಟು ಇಟ್ಟಿದ್ದೆ ಅಂದೆ. ಹಾಗಿದ್ದರೆ ಹಾಡು ಹೇಗೆ ಹೋಯಿತು ಅಂದರು. ಗೊತ್ತಿಲ್ಲ ಅಂದೆ. ನಮಗೂ ಗೊತ್ತಿಲ್ಲ, ಆದರೂ ಒಂದು ವರ್ಷ ಅಂದರು. ಈಗ ನಾನು ಶನಿವಾರ ಎಲ್ಲರ ಜೊತೆ ಬೆಂಚಿನ ಮೇಲೆ ಕೂತು ಬೇರೆಯವರು ಹೇಳೋದನ್ನು ಕೇಳುತ್ತೇನೆ, ಮನೆಗೆ ಹೋಗುವ ದಾರಿಯಲ್ಲಿ ಇವತ್ತಿನ ಬೊಟ್ಟು ಯಾವುದು ಅಂತ ಗೆರ್ಶೋಮನ ಜೊತೆ ವಾದ ಮಾಡುತ್ತೇನೆ.

ಅದಿರಲಿ, ಆ ಗುರುವಾರದ್ದು ಇನ್ನೂ ಮುಗಿದಿಲ್ಲ. ನಾನು ಎದ್ದು ಹೊರಟಿದ್ದೆ, ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಗು ಅಳೋಕೆ ಶುರುಮಾಡಿತು. ನಿದ್ದೆಯ ಹೊತ್ತು ಮೀರಿತ್ತು. ಅತಾರಾ ಕೈ ಚಾಚಿದಳು. ಕೆತುರಮ್ಮ ಕೊಡಲಿಲ್ಲ. "ಆ ಕಾಗದ ಇಲ್ಲಿ ಕೊಡು," ಅಂದು ಕನ್ನಡಕ ಹಾಕಿಕೊಂಡಳು. ಕಾಗದವನ್ನು ತೋಳಿನಷ್ಟು ದೂರ ಹಿಡಿದು, ಹಳೇ ರಾಗಕ್ಕೆ ಹೊಸ ಮಾತನ್ನು ತಡವರಿಸುತ್ತಾ ಕೂರಿಸತೊಡಗಿದಳು. ಗಾಳಿ ಎದ್ದಿದೆ ಅಂದಳು, ಊರಬಾಗಿಲಿಗೆ ಅಗುಳಿ ಬಿದ್ದಿದೆ ಅಂದಳು. ಮೊದಲ ಸಲ ಅವಳಿಗೆ ತಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಿತ್ತು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ತಣ್ಣಗಿನ ನೀರು ಹೇಳುವಾಗ ಮೂಲೆಯಲ್ಲಿದ್ದ ಕೊಡದ ಕಡೆ ನೋಡಿದಳು. ಮಗು ಅಳು ನಿಲ್ಲಿಸಿ ಅವಳ ಬಾಯನ್ನೇ ನೋಡುತ್ತಿತ್ತು. ಕಾವಲಿನವನ ಕೆಮ್ಮು ಮುಗಿಯಿತು.

ಐದನೇ ಸಾಲು ಬಂತು. ಕೆತುರಮ್ಮ ಕಾಗದ ನೋಡಿದಳು. ಮಗುವಿನ ಮುಖ ನೋಡಿದಳು. ತುಟಿ ಮುಚ್ಚಿಕೊಂಡು ಗುನುಗಿದಳು.

ನಾನು ಹೊಸ್ತಿಲ ಹೊರಗೆ ನಿಂತು ಬೆರಳು ಎಣಿಸಿದೆ. ಹನ್ನೊಂದು ಗೆಣ್ಣು.